ನಾಲ್ಕನೆಯ ಋಣ

ನಮ್ಮೂರಿನ ಕವಿಯ ಕಾವ್ಯ ಶುರುವಾಗುವುದು ಯುದ್ಧ ಮುಗಿದ ಮೇಲೆ. ಕುರುಕ್ಷೇತ್ರದ ಹೆಣಗಳನ್ನು ಸುಟ್ಟಾಗಿದೆ, ಸಿಂಹಾಸನ ಕೈಗೆ ಬಂದಿದೆ, ಧರ್ಮರಾಯನಿಗೆ ಮಾತ್ರ ನೆಮ್ಮದಿಯಿಲ್ಲ. ಭೀಷ್ಮರನ್ನು ಕೆಡವಿದ್ದು ಅರ್ಜುನನ ಬಾಣ, ದುರ್ಯೋಧನನ ತೊಡೆ ಮುರಿದದ್ದು ಭೀಮನ ಗದೆ, ದ್ರೋಣರ ತಲೆ ತೆಗೆದದ್ದು ಧೃಷ್ಟದ್ಯುಮ್ನನ ಕತ್ತಿ. ಇಷ್ಟೊಂದು ಕೈಗಳು ನಡುವೆ ಇದ್ದರೂ ಅವನು ಯಾವ ಕೈಯನ್ನೂ ನೆಪವಾಗಿ ಹಿಡಿಯುವುದಿಲ್ಲ. ರಾಜ್ಯ ತನ್ನದಾಯಿತು, ಹಾಗಾದರೆ ಅದಕ್ಕೆ ತೆತ್ತ ಬೆಲೆಯ ಲೆಕ್ಕವೂ ತನ್ನದೇ ಎಂದು ಕೊರಗುತ್ತಾನೆ. ಆ ಕೊರಗನ್ನು ಕಳೆಯಲೆಂದೇ ವ್ಯಾಸರು ಅಶ್ವಮೇಧದ ದಾರಿ ಹೇಳುತ್ತಾರೆ. ಕುದುರೆ ಹೊರಡುತ್ತದೆ, ಅದರ ಹಿಂದೆ ಜೈಮಿನಿ ಭಾರತದ 34 ಸಂಧಿಗಳೂ ಹೊರಡುತ್ತವೆ.

ಅದನ್ನು ಬರೆದ ಲಕ್ಷ್ಮೀಶ ನಮ್ಮ ದೇವನೂರಿನವನು. ಕಡೂರು ತಾಲ್ಲೂಕಿನ ಈ ಊರಿನ ಲಕ್ಷ್ಮೀಕಾಂತನೇ ಅವನ ಅಂಕಿತ. ಗಮಕಿಗಳು ಬಂದು ಷಟ್ಪದಿ ಹಾಡುವ ಸಂಜೆಗಳಲ್ಲಿ ಊರಿನವರೊಂದಿಗೆ ಕೂತು ಕೇಳಿ ಬೆಳೆದವಳು ನಾನು. ನನ್ನ ಅಪ್ಪ ಇಲ್ಲಿ ದರ್ಜಿಯಾಗಿದ್ದರು. ಬೀದಿಯ ಕಡೆ ಮುಖ ಮಾಡಿದ ಜಗಲಿ, ಅದರ ಮೇಲೆ ಕಾಲಿನಿಂದ ತುಳಿಯುವ ಮೆಷೀನು. ನಾನು ಓದಿ ಕನ್ನಡ ಮೇಡಂ ಆದೆ, ಸುತ್ತಿನ ಹಳ್ಳಿಗಳ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತಳಾದೆ. ಹೀಗೆ ನನಗೆ ಬಟ್ಟೆಯೂ ಗೊತ್ತು, ಧರ್ಮರಾಯನ ಕೊರಗೂ ಗೊತ್ತು. ಇವೆರಡೂ ಒಂದೇ ಪ್ರಶ್ನೆಯಾಗಿ ನನ್ನ ಮುಂದೆ ಬಂದು ನಿಂತದ್ದು ನನ್ನ ವಿದ್ಯಾರ್ಥಿನಿಯರಿಂದ.

ನಮ್ಮ ಕಡೆ ಮಳೆ ಕಡಿಮೆ. ಕೆರೆ ತುಂಬಿದ ವರ್ಷಗಳನ್ನು ಜನ ಹೆಸರಿಟ್ಟು ನೆನೆಯುತ್ತಾರೆ. ರಾಗಿ ಕೈಕೊಟ್ಟು, ಕೊಳವೆಬಾವಿ ಬತ್ತಿ, ತೆಂಗಿನ ಸುಳಿ ಒಣಗಿದರೆ ಮನೆಯಿಂದ ಮೊದಲು ಹೊರಡುವುದು ಹೆಣ್ಣುಮಕ್ಕಳು. ಕಡೂರಿನಲ್ಲೋ ಬೀರೂರಿನಲ್ಲೋ ರೈಲು ಹತ್ತಿ ಯಶವಂತಪುರದಲ್ಲಿ ಇಳಿಯುತ್ತಾರೆ. ಅಲ್ಲಿಂದ ಪೀಣ್ಯ, ಇಲ್ಲವೆ ಮೈಸೂರು ರಸ್ತೆ, ಬೊಮ್ಮನಹಳ್ಳಿ. ‘ಗಾರ್ಮೆಂಟ್ಸ್‌ಗೆ ಹೋಗ್ತಾಳೆ’ ಎಂದರೆ ನಮ್ಮಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಕರ್ನಾಟಕದಲ್ಲಿ ಹೀಗೆ ಹೋಗುವವರು ನಾಲ್ಕು ಲಕ್ಷಕ್ಕೂ ಹೆಚ್ಚು, ಬಹುಪಾಲು ಹೆಂಗಸರು. ಮದುವೆಯಾಗಿ ಮಗುವಾದ ಮೇಲೂ ಹೋಗುತ್ತಾರೆ, ಮಗು ಮಾತ್ರ ಊರಲ್ಲಿ ಉಳಿಯುತ್ತದೆ. ಮೂವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಶಿಶುಪಾಲನೆಯ ಕೋಣೆ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಮುಂದೆ ತಿದ್ದುಪಡಿಯಾಗಿ ಹೇಳಿತ್ತು. ಆದರೆ ನಾನು ಪಾಠ ಹೇಳಿದ ಶಾಲೆಗಳಲ್ಲಿ ಎಷ್ಟೋ ಮಕ್ಕಳ ಪ್ರಗತಿಪತ್ರದ ಮೇಲೆ ತಾಯಿಯ ಸಹಿಯ ಜಾಗದಲ್ಲಿ ಅಜ್ಜಿಯ ಹೆಬ್ಬೆಟ್ಟು ಇರುತ್ತಿತ್ತು.

ಹೀಗೆ ಹೋದ ನನ್ನ ವಿದ್ಯಾರ್ಥಿನಿಯರು ಹಬ್ಬಕ್ಕೆ ಊರಿಗೆ ಬಂದಾಗ ನಾನು ಕೆಲಸದ ಬಗ್ಗೆ ಕೇಳುತ್ತೇನೆ. ದರ್ಜಿಯ ಮಗಳಿಗೆ ಅದೊಂದು ಕುತೂಹಲ. ಅಪ್ಪ ಒಂದು ಅಂಗಿಯನ್ನು ಅಳತೆ ತೆಗೆಯುವುದರಿಂದ ಹಿಡಿದು ಕಾಜಾ ಹೊಲಿಯುವವರೆಗೆ ಒಬ್ಬರೇ ಮಾಡುತ್ತಿದ್ದರು. ಕಾರ್ಖಾನೆಯಲ್ಲಿ ಅದೇ ಅಂಗಿ ಒಂದು ‘ಲೈನ್’ ಉದ್ದಕ್ಕೂ ಹತ್ತಾರು ಕೈ ದಾಟುತ್ತದೆ. ಒಬ್ಬಳು ಕಾಲರ್ ಮಾತ್ರ ಹೊಲಿಯುತ್ತಾಳೆ, ಒಬ್ಬಳು ಕಫ್, ಇನ್ನೊಬ್ಬಳು ತೋಳು ಕೂಡಿಸುತ್ತಾಳೆ, ಮತ್ತೊಬ್ಬಳು ಓವರ್‌ಲಾಕ್. ಗಂಟೆಗೆ ಇಷ್ಟು ಪೀಸ್ ಎಂದು ಟಾರ್ಗೆಟ್. ಎಲ್ಲರಿಗೂ ಕಾಣುವಂತೆ ಬೋರ್ಡಿನ ಮೇಲೆ ಬರೆಯುತ್ತಾರೆ, ಹಿಂದೆ ಬಿದ್ದವಳ ಹೆಸರು ಹಿಡಿದು ಸೂಪರ್‌ವೈಸರ್ ಕೂಗುತ್ತಾನೆ. ನೀರು ಕುಡಿದರೆ ಎದ್ದು ಹೋಗಬೇಕಾಗುತ್ತದೆ ಎಂದು ನೀರನ್ನೇ ಕಡಿಮೆ ಕುಡಿಯುತ್ತಾರೆ. ಹತ್ತು ವರ್ಷ ಬರೀ ಕಾಲರ್ ಹೊಲಿದ ಒಬ್ಬಳು ನನಗೆ ಹೇಳಿದಳು: ‘ಮಿಸ್, ಒಂದು ಪೂರ್ತಿ ಶರ್ಟ್ ಹೊಲಿಯೋಕೆ ನನಗೆ ಇವತ್ತಿಗೂ ಬರಲ್ಲ.’

ಅಪ್ಪನಿಗೆ ಕೆಲವು ಪದ್ಧತಿಗಳಿದ್ದವು. ಮಕ್ಕಳ ಬಟ್ಟೆ ಹೊಲಿಯುವಾಗ ಅಂಚಿನ ಒಳಗೆ, ಬಗಲಿನ ಒಳಗೆ ಬೆರಳಗಲ ಬಟ್ಟೆ ಮಡಿಸಿ ಬಿಡುತ್ತಿದ್ದರು. ಮುಂದಿನ ವರ್ಷ ಹೊಲಿಗೆ ಬಿಚ್ಚಿ ಸಡಿಲ ಮಾಡಬಹುದು, ಅದರ ಮುಂದಿನ ವರ್ಷ ತಮ್ಮನಿಗೋ ತಂಗಿಗೋ ಆಗುತ್ತದೆ. ಉಳಿದ ತುಂಡುಗಳನ್ನು ಗಂಟು ಕಟ್ಟಿ ಅಂಗಿಯ ಜತೆಗೇ ಕೊಟ್ಟುಬಿಡುತ್ತಿದ್ದರು, ಕೌದಿಗೆ ಬರುತ್ತವೆ ಎಂದು. ಕೂಲಿಯನ್ನು ರಾಗಿಯಲ್ಲಿ ಕೊಟ್ಟವರೂ ಇದ್ದರು, ಸುಗ್ಗಿಯವರೆಗೆ ಬಾಕಿ ಇಟ್ಟವರೂ ಇದ್ದರು. ಆದರೆ ಅಂಗಿ ತೊಟ್ಟವನಿಗೆ ಅದನ್ನು ಹೊಲಿದವನ ಮುಖ ಗೊತ್ತಿತ್ತು. ಬಾಕಿ ಇಟ್ಟವನು ನಮ್ಮ ಜಗಲಿಯ ಮುಂದೆ ಹಾದುಹೋಗುವಾಗ ನಿಂತು ಮಾತಾಡಿಸಲೇಬೇಕಿತ್ತು.

ಈಗ ಆ ಬಾಕಿಯವನ ಜಾಗದಲ್ಲಿ ನಾನಿದ್ದೇನೆ. ಕಡೂರಿನ ಅಂಗಡಿಯಲ್ಲಿ ಮುನ್ನೂರು ರೂಪಾಯಿಗೆ ಅಂಗಿ ಸಿಗುತ್ತದೆ. ಹತ್ತಿ, ನೂಲು, ಬಣ್ಣ, ಸಾಗಾಣಿಕೆ, ಅಂಗಡಿಯ ಬಾಡಿಗೆ, ನಡುವಿನವರ ಲಾಭ ಎಲ್ಲ ಕಳೆದು ಕಾಲರ್ ಹೊಲಿದವಳಿಗೆ ಅದರಲ್ಲಿ ಏನು ಉಳಿಯಿತು ಎಂದು ದರ್ಜಿಯ ಮಗಳಾಗಿ ನಾನು ಲೆಕ್ಕ ಹಾಕಬಲ್ಲೆ. ಹಾಕಿದ ಮೇಲೆ ಸುಮ್ಮನಿರುವುದು ಕಷ್ಟ. ಅಗ್ಗವಾಗಿ ಸಿಕ್ಕಿದ್ದಕ್ಕೆ ನಾನು ಹೊಣೆಯೋ ಅಲ್ಲವೋ?

‘ನಾನೇನು ಮಾಡಿದೆ, ದುಡ್ಡು ಕೊಟ್ಟು ಕೊಂಡೆ ಅಷ್ಟೆ’ ಎಂಬುದು ಎಲ್ಲರ ಬಾಯಲ್ಲೂ ಬರುವ ಉತ್ತರ. ನಮ್ಮ ಹಳಬರು ಈ ಉತ್ತರವನ್ನು ಒಪ್ಪಿರಲಿಲ್ಲ. ಅನುಶಾಸನ ಪರ್ವದಲ್ಲಿ ಭೀಷ್ಮರು ಇದೇ ಧರ್ಮರಾಯನಿಗೆ ಮಾಂಸದ ವಿಷಯ ಹೇಳುತ್ತಾ, ಕೊಲ್ಲುವವನು ಕಟ್ಟಿ ಹೊಡೆದು ಕೊಲ್ಲುತ್ತಾನೆ, ಕೊಳ್ಳುವವನು ಹಣದಿಂದ ಕೊಲ್ಲುತ್ತಾನೆ, ತಿನ್ನುವವನು ತಿಂದು ಕೊಲ್ಲುತ್ತಾನೆ ಎಂದು ಮೂವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುತ್ತಾರೆ. ಮನುಸ್ಮೃತಿಯ ಐದನೆಯ ಅಧ್ಯಾಯ ಈ ಪಟ್ಟಿಯನ್ನು ಇನ್ನೂ ಉದ್ದ ಮಾಡುತ್ತದೆ: ಒಪ್ಪಿಗೆ ಕೊಟ್ಟವನು, ಕಡಿದವನು, ಕೊಂದವನು, ಕೊಂಡವನು, ಮಾರಿದವನು, ಬೇಯಿಸಿದವನು, ಬಡಿಸಿದವನು, ತಿಂದವನು. ಹೆಣ್ಣಾಗಿ, ಕೈಕಸುಬಿನವರ ಮಗಳಾಗಿ ಆ ಗ್ರಂಥದಲ್ಲಿ ನಾನು ಒಪ್ಪದ ಮಾತುಗಳೇ ಹೆಚ್ಚು. ಈ ಒಂದು ಶ್ಲೋಕದ ನ್ಯಾಯವನ್ನು ಮಾತ್ರ ತಳ್ಳಿಹಾಕಲಾರೆ. ಸರಕು ಎಷ್ಟು ಕೈ ದಾಟಿದರೂ ಹೊಣೆ ಆ ಕೈಗಳ ನಡುವೆ ಕರಗಿಹೋಗುವುದಿಲ್ಲ ಎಂದು ಅದು ಹೇಳುತ್ತದೆ.

ಜೈನರು ಇದನ್ನು ಇನ್ನೂ ಸೂಕ್ಷ್ಮವಾಗಿ ಎಣಿಸಿದರು. ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿದ್ದು ಎಂದು ಮೂರು. ಮನಸ್ಸು, ಮಾತು, ಮೈ ಎಂದು ಮೂರು. ಸಂಕಲ್ಪಿಸುವುದು, ಸಾಧನ ಹೊಂದಿಸುವುದು, ತೊಡಗುವುದು ಎಂದು ಮತ್ತೆ ಮೂರು. ಕ್ರೋಧ, ಮಾನ, ಮಾಯೆ, ಲೋಭ ಎಂದು ನಾಲ್ಕು. ತತ್ತ್ವಾರ್ಥಸೂತ್ರ ಇವನ್ನೆಲ್ಲ ಗುಣಿಸಿ 108 ಬಾಗಿಲುಗಳನ್ನು ತೋರಿಸುತ್ತದೆ, ಹಿಂಸೆ ಅವುಗಳಲ್ಲಿ ಯಾವುದರಿಂದ ಬೇಕಾದರೂ ಒಳಗೆ ಬರಬಹುದು. ಅಗ್ಗದ ಅಂಗಿ ಕೊಳ್ಳುವ ನಾನು ಯಾವ ಬಾಗಿಲಲ್ಲಿದ್ದೇನೆ ಎಂದು ಯೋಚಿಸಿದ್ದೇನೆ. ‘ಒಪ್ಪಿದ್ದು’ ಎಂಬ ಮನೆಯಲ್ಲಿ, ಲೋಭದ ಸಾಲಿನಲ್ಲಿ ಅನ್ನಿಸುತ್ತದೆ.

ಆದರೆ ಪಾಪದ ಎಣಿಕೆಗೆ ಒಂದು ಅಪಾಯವಿದೆ. ಎಣಿಸುತ್ತಾ ಹೋದವರ ಗಮನ ನೊಂದವರನ್ನು ಬಿಟ್ಟು ತಮ್ಮ ಶುದ್ಧಿಯ ಕಡೆಗೆ ಹೊರಳುತ್ತದೆ. ನಮ್ಮ ಮಡಿಯನ್ನೇ ನೋಡಿ. ರೇಷ್ಮೆ ಮಡಿಗೆ ಶ್ರೇಷ್ಠ ಎನ್ನುತ್ತೇವೆ. ಒಂದು ಸೀರೆಗೆ ಸಾವಿರಾರು ಗೂಡು ಬೇಕು, ಎಳೆ ತುಂಡಾಗದೆ ಬಿಚ್ಚಿಕೊಳ್ಳಬೇಕಾದರೆ ಚಿಟ್ಟೆ ಹೊರಬರುವ ಮೊದಲೇ ಒಳಗಿನ ಹುಳುವನ್ನು ಬಿಸಿಗೆ ಕೊಲ್ಲಬೇಕು. ರಾಮನಗರದ ಗೂಡಿನ ಮಾರುಕಟ್ಟೆಯಿಂದ ಆಚೆ ಈಚೆ ಹೋದರೆ ಇದನ್ನು ಕಣ್ಣಾರೆ ನೋಡಬಹುದು. ಆ ಸೀರೆಯುಟ್ಟು ದೇವರ ಮುಂದೆ ನಿಂತವರನ್ನು, ಕೊಳೆಯಾದ ಹತ್ತಿ ಸೀರೆಯ ಕೂಲಿ ಹೆಂಗಸು ಮುಟ್ಟುವ ಹಾಗಿರಲಿಲ್ಲ. ಮಡಿ ಬಟ್ಟೆಯ ಹಿಂದಿನ ಕಥೆಯನ್ನು ಕೇಳಲಿಲ್ಲ, ಉಟ್ಟವರ ಮೈಲಿಗೆಯನ್ನು ಮಾತ್ರ ಕೇಳಿತು.

ಹೊಸ ಕಾಲದಲ್ಲೂ ಒಂದು ಮಡಿ ಬಂದಿದೆ. ನಗರದ ಅಂಗಡಿಗಳಲ್ಲಿ ಸಾವಯವ ಹತ್ತಿ, ಪರಿಸರಸ್ನೇಹಿ, ಮರುಬಳಕೆ ಎಂದು ಹಸಿರು ಚೀಟಿ ಹಚ್ಚಿದ ಬಟ್ಟೆ. ಕೊಂಡವರಿಗೆ ಹಗುರವಾಗುತ್ತದೆ. ಹತ್ತಿಗೆ ವಿಷ ಹೊಡೆಯದಿದ್ದರೆ ಒಳ್ಳೆಯದೇ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಆ ಚೀಟಿ ಹತ್ತಿಯ ಬಗ್ಗೆ ಹೇಳುತ್ತದೆ, ಹೊಲಿದವಳ ಬಗ್ಗೆ ಹೇಳುವುದಿಲ್ಲ. ನಮ್ಮ ಪಾಪ ಕಳೆಯಿತು ಎಂದುಕೊಂಡು ಮನೆಗೆ ಹೋದವರು ಅವಳ ವಿಷಯ ಮುಂದೆ ಕೇಳುವುದೂ ಇಲ್ಲ.

ಲಕ್ಷ್ಮೀಶನಲ್ಲೇ ಇದಕ್ಕೆ ಒಂದು ಕಠಿಣವಾದ ಪಾಠವಿದೆ. ಕುಶಲವರ ಕಥೆ ಹೇಳುವಾಗ ಅವನು ಸೀತಾ ಪರಿತ್ಯಾಗಕ್ಕೆ ಬರುತ್ತಾನೆ. ಅಗಸನ ಮಾತು ಚರರ ಮೂಲಕ ಅರಮನೆಗೆ ಮುಟ್ಟುತ್ತದೆ. ರಾಮ ತನ್ನ ಹೆಸರಿಗೆ ಅಂಟಿದ ಕಲೆಯನ್ನು ಯೋಚಿಸುತ್ತಾನೆ. ತಮ್ಮಂದಿರು ಬೇಡವೆನ್ನುತ್ತಾರೆ. ಕೊನೆಗೆ ಅಪ್ಪಣೆಯಾಗುತ್ತದೆ, ಲಕ್ಷ್ಮಣ ರಥ ಹೂಡುತ್ತಾನೆ, ತುಂಬು ಬಸುರಿ ಕಾಡಿನಲ್ಲಿ ಒಂಟಿಯಾಗುತ್ತಾಳೆ. ಗಮಕದಲ್ಲಿ ಈ ಭಾಗ ಬಂದಾಗ ನಮ್ಮೂರಿನ ಹೆಂಗಸರು ಅಳುವುದನ್ನು ನೋಡಿದ್ದೇನೆ, ಕಾಡಿನ ಮೃಗಪಕ್ಷಿಗಳೂ ಮೇವು ಮರೆತು ನಿಂತವೆಂದು ಕವಿ ಹೇಳುವಲ್ಲಿ ಗಂಡಸರೂ ಸುಮ್ಮನಾಗುತ್ತಾರೆ. ಅಗಸ ಆಡಿದ್ದು ಬರೀ ಮಾತು. ಚರ ಮಾಡಿದ್ದು ಬರೀ ವರದಿ. ರಾಮ ಕೊಟ್ಟದ್ದು ಬರೀ ಅಪ್ಪಣೆ. ಲಕ್ಷ್ಮಣ ನಡೆಸಿದ್ದು ಬರೀ ರಥ. ಅವರವರ ಪಾಲು ಅವರವರಿಗೆ ಸಣ್ಣದಾಗಿ ಕಾಣುತ್ತದೆ, ಆಕೆಯ ಪಾಲಿಗೆ ಇಡೀ ಕಾಡು. ತನ್ನ ಶುದ್ಧಿಯನ್ನು ಕಾಪಾಡಿಕೊಳ್ಳಲು ಹೋದ ಅರಮನೆ ಇನ್ನೊಬ್ಬರ ಬದುಕಿನಿಂದ ಅದರ ಬೆಲೆ ಕಟ್ಟಿತು.

2013ರ ಏಪ್ರಿಲ್ 24ರಂದು ಢಾಕಾ ಹತ್ತಿರದ ಸಾವರ್‌ನಲ್ಲಿ ರಾಣಾ ಪ್ಲಾಜಾ ಕುಸಿದಾಗ ಇದೇ ಸರಪಳಿ ಕಂಡಿತು. ಎಂಟು ಮಹಡಿ, ಒಳಗೆ ಐದು ಗಾರ್ಮೆಂಟ್ಸ್. ಹಿಂದಿನ ದಿನವೇ ಗೋಡೆ ಕಂಬಗಳಲ್ಲಿ ಬಿರುಕು ಬಿಟ್ಟಿತ್ತು. ಕೆಳಗಿನ ಬ್ಯಾಂಕು, ಅಂಗಡಿಗಳು ಬಾಗಿಲು ಹಾಕಿದವು. ಹೊಲಿಗೆಯವರನ್ನು ಮಾತ್ರ ಮರುದಿನ ಒಳಗೆ ಕಳಿಸಿದರು, ಆರ್ಡರ್ ತಡವಾಗುತ್ತದೆ ಎಂದು. 1,134 ಜನ ಸತ್ತರು. ಮಾಲೀಕ ಕಾರ್ಖಾನೆಯವರತ್ತ, ಕಾರ್ಖಾನೆಯವರು ಬ್ರ್ಯಾಂಡಿನ ಗಡುವಿನತ್ತ, ಬ್ರ್ಯಾಂಡಿನವರು ಗ್ರಾಹಕ ಕೇಳುವ ಬೆಲೆಯತ್ತ ಕೈ ತೋರಿಸಿದರೆ, ಆ ಬೆರಳು ಕೊನೆಗೆ ತಿರುಗುವುದು ಯುರೋಪಿನಲ್ಲೋ ಕಡೂರಿನಲ್ಲೋ ಬೆಲೆ ಚೀಟಿ ನೋಡುತ್ತಾ ನಿಂತ ನಮ್ಮಂಥವರ ಕಡೆಗೆ.

ಪಾಪವೆಂದರೆ ತೊಳೆದುಕೊಳ್ಳಬಹುದು. ಅದಕ್ಕೆ ತೀರ್ಥವಿದೆ, ವ್ರತವಿದೆ, ದಾನವಿದೆ. ತೊಳೆಯುವಾಗ ಎದುರಿಗೆ ಯಾರೂ ಇರಬೇಕಾಗಿಲ್ಲ. ಸಾಲ ಹಾಗಲ್ಲ, ಅದನ್ನು ಕೊಡಬೇಕಾದವರಿಗೇ ಕೊಡಬೇಕು. ಅಪ್ಪನಿಗೆ ಬಾಕಿ ಇಟ್ಟವನು ಗಂಗೆಯಲ್ಲಿ ಮುಳುಗಿ ಬಂದರೂ ಬಾಕಿ ತೀರುತ್ತಿರಲಿಲ್ಲ. ಹಾಗಾಗಿ ಬಟ್ಟೆಯ ವಿಷಯವನ್ನು ಪಾಪವೆಂದು ನೋಡುವುದಕ್ಕಿಂತ ಋಣವೆಂದು ನೋಡುವುದೇ ಸರಿ ಎಂದು ನಾನು ನಂಬಿದ್ದೇನೆ. ನಾವೆಲ್ಲ ಕೇಳಿ ಬೆಳೆದದ್ದು ಮೂರು ಋಣ: ದೇವಋಣ, ಋಷಿಋಣ, ಪಿತೃಋಣ. ಪೂಜೆಯಿಂದ, ಅಧ್ಯಯನದಿಂದ, ಸಂತಾನದಿಂದ ತೀರಿಸುವಂಥವು. ಶತಪಥ ಬ್ರಾಹ್ಮಣ ಮಾತ್ರ ಇವುಗಳ ಜತೆಗೆ ನಾಲ್ಕನೆಯದೊಂದನ್ನು ಹೇಳುತ್ತದೆ, ಮನುಷ್ಯಋಣ. ಹುಟ್ಟಿದ ಪ್ರತಿಯೊಬ್ಬನೂ ಮನುಷ್ಯರಿಗೆ ಸಾಲಗಾರನಾಗಿಯೇ ಹುಟ್ಟುತ್ತಾನೆ, ಅವರಿಗೆ ಇರಲು ನೆಲೆ ಕೊಟ್ಟು, ಉಣ್ಣಲು ಅನ್ನ ಕೊಟ್ಟು ಅದನ್ನು ತೀರಿಸಬೇಕು. ಜನರ ಬಾಯಲ್ಲಿ ಮೂರೇ ಉಳಿದು ನಾಲ್ಕನೆಯದು ಹೇಗೆ ಮರೆಯಾಯಿತೋ. ಯಾವ ಸಾಲದವರು ಎದುರಿಗೆ ಬಂದು ನಿಂತು ಕೇಳಬಲ್ಲರೋ ಆ ಸಾಲವನ್ನೇ ನಾವು ಮರೆತದ್ದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ನೆಲೆ ಮತ್ತು ಅನ್ನ. ಸ್ವತಂತ್ರ ಭಾರತ ಕನಿಷ್ಠ ವೇತನವನ್ನು ಲೆಕ್ಕ ಹಾಕಿದ್ದೂ ಹೆಚ್ಚುಕಡಿಮೆ ಇದೇ ಅಳತೆಯಲ್ಲಿ. 1957ರಲ್ಲಿ ನಡೆದ ಭಾರತೀಯ ಕಾರ್ಮಿಕ ಸಮ್ಮೇಳನ ಒಂದು ಕುಟುಂಬಕ್ಕೆ ಇಷ್ಟು ಆಹಾರ, ಇಷ್ಟು ಬಾಡಿಗೆ, ಇಷ್ಟು ಸೌದೆ ದೀಪ ಎಂದು ಗೊತ್ತುಮಾಡಿತು. ಅದರಲ್ಲಿ ಬಟ್ಟೆಯೂ ಇತ್ತು: ತಲೆಗೆ ವರ್ಷಕ್ಕೆ 18 ಗಜ, ನಾಲ್ವರ ಕುಟುಂಬಕ್ಕೆ 72 ಗಜ. ಈ 72 ಗಜದ ಮಾತು ಓದಿದಾಗ ನನಗೆ ಅಪ್ಪನ ಕತ್ತರಿ ನೆನಪಾಯಿತು. ಎರಡು ಸೀರೆ, ಎರಡು ಪಂಚೆ, ಅಂಗಿ, ರವಿಕೆ, ಮಕ್ಕಳ ಲಂಗ, ಚಡ್ಡಿ, ಒಂದು ಹೊದಿಕೆ ಎಂದು ಅವರು ಕೂತಲ್ಲೇ ಅದನ್ನು ಕತ್ತರಿಸಿಬಿಡುತ್ತಿದ್ದರು. ದಿನವಿಡೀ ಜಗತ್ತಿಗೆ ಬಟ್ಟೆ ಹೊಲಿಯುವವಳ ಮನೆಗೂ ವರ್ಷಕ್ಕೆ 72 ಗಜ ಬಟ್ಟೆ ಬರಬೇಕು ಎಂಬುದು ಈ ದೇಶ ಒಪ್ಪಿಕೊಂಡ ಮಾತು.

ಆ ಮಾತಿಗೆ ಏನಾಯಿತು ಎಂಬುದನ್ನು ನಮ್ಮ ರಾಜ್ಯದಲ್ಲೇ ನೋಡಿದೆವು. 2020ರ ಏಪ್ರಿಲ್‌ನಿಂದ ಗಾರ್ಮೆಂಟ್ಸ್ ಕಾರ್ಮಿಕರಿಗೆ ತುಟ್ಟಿಭತ್ಯೆಯ ಹೆಚ್ಚಳವಾಗಿ ತಿಂಗಳಿಗೆ 417 ರೂಪಾಯಿ ಬರಬೇಕಿತ್ತು. ಕೊರೊನಾ ಕಾಲ, ಉದ್ಯಮ ಕಷ್ಟದಲ್ಲಿದೆ ಎಂದು ಸರ್ಕಾರ ಅದನ್ನು ಮುಂದೂಡಿತು. ಕಾರ್ಮಿಕ ಸಂಘಗಳು ಹೈಕೋರ್ಟಿಗೆ ಹೋದವು, ನ್ಯಾಯಾಲಯ ಕೊಡಬೇಕೆಂದಿತು. ಆದರೂ ಬಹುಪಾಲು ಕಾರ್ಖಾನೆಗಳು ಕೊಡಲಿಲ್ಲ. 26 ಕೆಲಸದ ದಿನಕ್ಕೆ ಹಂಚಿದರೆ ದಿನಕ್ಕೆ 16 ರೂಪಾಯಿ. ನಾಲ್ಕು ಲಕ್ಷ ಜನರಿಗೆ ಗುಣಿಸಿದರೆ ತಿಂಗಳಿಗೆ 16 ಕೋಟಿ ಮೀರುತ್ತದೆ. ಒಂದು ಕಾಫಿಯ ಬೆಲೆ ಎಂದು ಕಡೆಗಣಿಸುವವರಿಗೆ ಅದು ಒಂದು ಕಾಫಿ, ಹೊತ್ತಿಗೆ ಒಂದು ಲೋಟ ಹಾಲು ಕೊಳ್ಳುವ ಮನೆಗೆ ಅದು ಮಗುವಿನ ಹಾಲು. 2021ರಲ್ಲಿ ವರ್ಕರ್ ರೈಟ್ಸ್ ಕನ್ಸೋರ್ಟಿಯಂ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಈ ಬಾಕಿಯನ್ನು ಲೆಕ್ಕಹಾಕಿ ಜಗತ್ತಿನ ಮುಂದಿಟ್ಟಿತು, ಇಲ್ಲಿಂದ ಬಟ್ಟೆ ಕೊಳ್ಳುವ ದೊಡ್ಡ ಬ್ರ್ಯಾಂಡುಗಳ ಹೆಸರು ಹೊರಬಂದವು. ವರ್ಷದ ಕೊನೆಗೆ ದೊಡ್ಡ ಕಾರ್ಖಾನೆಗಳು ಬಾಕಿ ಕೊಡಲು ಒಪ್ಪಿದವು. ನ್ಯಾಯಾಲಯ ಹೇಳಿದಾಗ ಅಲುಗದ್ದು ಕೊಳ್ಳುವವರು ಮುಖ ಗಂಟಿಕ್ಕಿದಾಗ ಅಲುಗಿತು. ಇದರಲ್ಲಿ ನನಗೆ ದುಃಖವೂ ಇದೆ, ಭರವಸೆಯೂ ಇದೆ. ಕೊಳ್ಳುವವರ ಪಾಲು ಸಣ್ಣದಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನನಗೆ ಗೊತ್ತಿಲ್ಲ.

ಹೊಲಿಯುವವರು ತಮ್ಮಷ್ಟಕ್ಕೆ ಸುಮ್ಮನಿದ್ದರೆಂದೂ ಯಾರೂ ತಿಳಿಯಬಾರದು. 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಹೊಸೂರು ರಸ್ತೆ, ತುಮಕೂರು ರಸ್ತೆಗಳನ್ನು ತುಂಬಿದವರು ಇವರೇ. ಭವಿಷ್ಯನಿಧಿಯ ಹಣವನ್ನು 58 ವರ್ಷವಾಗುವವರೆಗೆ ಪೂರ್ತಿ ತೆಗೆಯುವಂತಿಲ್ಲ ಎಂಬ ಹೊಸ ನಿಯಮ ಅವರನ್ನು ಬೀದಿಗೆ ತಂದಿತ್ತು. ಮುಂದೆ ನಿಂತು ಕರೆದ ದೊಡ್ಡ ನಾಯಕರಿರಲಿಲ್ಲ. ಮಗಳ ಮದುವೆಗೆ, ಊರಿನ ಸಾಲಕ್ಕೆ ಅದೊಂದೇ ಗಂಟು. ಎರಡನೆಯ ದಿನವೇ ಕೇಂದ್ರ ಸರ್ಕಾರ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಲಾಠಿ ಏಟು ತಿಂದವರೂ ಇದ್ದರು. ನಮ್ಮ ಸೀಮೆಯಿಂದ ಹೋಗಿದ್ದ ಒಬ್ಬ ಹೆಣ್ಣುಮಗಳು ಮುಂದಿನ ಹಬ್ಬಕ್ಕೆ ಬಂದಾಗ ಅದನ್ನು ಹೇಳಿದ ರೀತಿ ನನಗೆ ಮರೆಯುವುದಿಲ್ಲ. ಶಾಲೆಯಲ್ಲಿ ಎದ್ದು ನಿಂತು ಉತ್ತರ ಹೇಳಲು ಹೆದರುತ್ತಿದ್ದವಳು ಅವಳು.

ಅವಳನ್ನೇ ಒಮ್ಮೆ ಕೇಳಿದೆ, ಇಂಥ ಬಟ್ಟೆ ಕೊಳ್ಳುವುದನ್ನೇ ಬಿಟ್ಟುಬಿಡಬೇಕೆ ಎಂದು. ‘ಬಿಡಬೇಡಿ ಮಿಸ್. ನೀವು ಬಿಟ್ರೆ ಲೈನ್ ನಿಲ್ಲುತ್ತೆ, ನಮ್ಮನ್ನೇ ಮೊದಲು ಕಳಿಸ್ತಾರೆ. ತಗೊಳ್ಳಿ, ಆದ್ರೆ ನಮ್ಮ ರೇಟು ಏನು ಅಂತ ಕೇಳಿ’ ಎಂದಳು. ಅಷ್ಟು ಶಾಸ್ತ್ರಗಳನ್ನು ತಿರುವಿಹಾಕಿದ ನನಗೆ ಆ ಉತ್ತರ ಸಾಕಾಯಿತು. ಕೊಳ್ಳುವುದನ್ನು ಬಿಟ್ಟರೆ ನನ್ನ ಕೈ ತೊಳೆಯುತ್ತದೆ, ಅವಳ ಬಾಕಿ ಹಾಗೆಯೇ ಉಳಿಯುತ್ತದೆ.

ನೆಲದ, ನೀರಿನ ಬಾಕಿಯೂ ಇದೆ. ಒಂದು ಹತ್ತಿ ಟೀ ಶರ್ಟಿನ ಹಿಂದೆ ಸುಮಾರು 2,700 ಲೀಟರ್ ನೀರು ಹೋಗುತ್ತದೆಂದು ವಿಶ್ವ ವನ್ಯಜೀವಿ ನಿಧಿಯ ಅಂದಾಜು. ಬೇಸಿಗೆಯಲ್ಲಿ ಟ್ಯಾಂಕರಿಗೆ ಬಿಂದಿಗೆ ಸಾಲಿಟ್ಟು ಕಾಯುವ ಕಡೂರಿನವರಿಗೆ ಈ ಅಂಕಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ತಿರುಪ್ಪೂರಿನ ಬಣ್ಣದ ನೀರು ನೊಯ್ಯಲ್ ನದಿಗೆ ಹರಿದು, ರೈತರಿಗೆಂದು ಕಟ್ಟಿದ ಒರತ್ತುಪಾಳ್ಯಂ ಅಣೆಕಟ್ಟು ವಿಷದ ಮಡುವಾಯಿತು. 2011ರಲ್ಲಿ ಮದ್ರಾಸ್ ಹೈಕೋರ್ಟ್ ಅಲ್ಲಿನ ಬಣ್ಣದ ಘಟಕಗಳನ್ನೇ ಮುಚ್ಚಿಸಬೇಕಾಯಿತು. ಗಿಡದ ಬಣ್ಣದಿಂದಲೂ ಬದುಕು ಕಟ್ಟಬಹುದು ಎಂದು ಸಾಗರ ತಾಲ್ಲೂಕಿನ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಕಟ್ಟಿದ ‘ಚರಕ’ದ ಹೆಂಗಸರು ತೋರಿಸಿದ್ದಾರೆ. ನಮ್ಮ ತರೀಕೆರೆ, ಅಜ್ಜಂಪುರದ ಕಡೆ ಅಡಿಕೆ ಬೇಯಿಸಿದ ಮೇಲೆ ಉಳಿಯುವ ಚೊಗರೇ ಅಲ್ಲಿ ಬಟ್ಟೆಗೆ ಕೆಂಗಂದು ಬಣ್ಣ. ಕೈಯಿಂದ ಮಾಡಿದ ವಸ್ತುಗಳಿಗೆ ತೆರಿಗೆ ಬೇಡವೆಂದು 2017ರಲ್ಲಿ ಪ್ರಸನ್ನ ಉಪವಾಸ ಕೂತರು. ಕೈಮಗ್ಗದ ಬಟ್ಟೆ ಎಲ್ಲರ ಕೈಗೂ ಎಟುಕುವುದಿಲ್ಲ, ನಾಲ್ಕು ಲಕ್ಷ ಹೆಂಗಸರಿಗೆ ನಾಳೆಯೇ ಮಗ್ಗ ಕೊಡಲೂ ಆಗುವುದಿಲ್ಲ. ಆದರೂ ಆ ಸೀರೆಯ ಬೆಲೆಯಲ್ಲಿ ನೇಯ್ದವಳ ಪಾಲು ಎಷ್ಟೆಂದು ಕೇಳಿದರೆ ಉತ್ತರ ಹೇಳುವವರು ಎದುರಿಗೇ ಇರುತ್ತಾರೆ.

ದೊಡ್ಡ ಕಂಪನಿಗಳೂ ಈಗ ವರ್ಷ ವರ್ಷ ಸುಸ್ಥಿರತೆಯ ವರದಿ ಹೊರಡಿಸುತ್ತವೆ, ಇಂಥ ವರ್ಷದೊಳಗೆ ಇಷ್ಟು ಸಾಧಿಸುತ್ತೇವೆ ಎಂದು ಸಂಕಲ್ಪ ಮಾಡುತ್ತವೆ. ಅವುಗಳನ್ನು ಓದುವಾಗ ನನಗೆ ಅಶ್ವಮೇಧ ಮುಗಿದ ಮೇಲೆ ಬಂದ ಮುಂಗುಸಿಯ ನೆನಪಾಗುತ್ತದೆ. ವ್ಯಾಸರ ಅಶ್ವಮೇಧಿಕ ಪರ್ವದ ಕಥೆ ಅದು. ಧರ್ಮರಾಯನ ಯಜ್ಞ ವೈಭವದಿಂದ ಮುಗಿದಿದೆ, ದಾನವನ್ನು ಎಲ್ಲರೂ ಕೊಂಡಾಡುತ್ತಿದ್ದಾರೆ. ಅರ್ಧ ಮೈ ಚಿನ್ನವಾದ ಮುಂಗುಸಿಯೊಂದು ಬಂದು ಈ ಯಜ್ಞ ಒಂದು ಸೇರು ಹಿಟ್ಟಿಗೂ ಸಮವಲ್ಲ ಎನ್ನುತ್ತದೆ. ಬರಗಾಲದಲ್ಲಿ ತೆನೆ ಆಯ್ದು ಬದುಕುತ್ತಿದ್ದ ಬಡ ಕುಟುಂಬವೊಂದು ತಾನು ಉಣ್ಣಬೇಕಿದ್ದ ಹಿಟ್ಟನ್ನು ಬಂದ ಅತಿಥಿಗೆ ಒಬ್ಬೊಬ್ಬರಾಗಿ ಪೂರ್ತಿ ಕೊಟ್ಟಿತ್ತು. ನೆಲಕ್ಕೆ ಬಿದ್ದ ಆ ಹಿಟ್ಟಿನ ಮೇಲೆ ಹೊರಳಿದಾಗ ಮುಂಗುಸಿಯ ಅರ್ಧ ಮೈ ಚಿನ್ನವಾಗಿತ್ತು, ಈ ಯಜ್ಞಶಾಲೆಯಲ್ಲಿ ಎಷ್ಟು ಹೊರಳಿದರೂ ಉಳಿದರ್ಧ ಹಾಗೆಯೇ ಇದೆ. ಧರ್ಮರಾಯನ ಕೊರಗು ನಿಜ, ಯಜ್ಞದ ಖರ್ಚೂ ನಿಜ. ಆದರೂ ಹಸಿದವನ ಕೈಗೆ ನೇರವಾಗಿ ಮುಟ್ಟಿದ್ದು ಆ ಹಿಟ್ಟು.

ಸಂಕಲ್ಪಗಳಿಗಿಂತ ನಾನು ಸಹಿ ಬಿದ್ದ ಕಾಗದವನ್ನು ನಂಬುತ್ತೇನೆ. ರಾಣಾ ಪ್ಲಾಜಾ ಕುಸಿದ ತಿಂಗಳೊಳಗೆ ಬ್ರ್ಯಾಂಡುಗಳೂ ಕಾರ್ಮಿಕ ಸಂಘಟನೆಗಳೂ ಕೂಡಿ ಬಾಂಗ್ಲಾದೇಶದ ಕಟ್ಟಡ ಮತ್ತು ಬೆಂಕಿ ಸುರಕ್ಷತೆಯ ಒಪ್ಪಂದ ಮಾಡಿಕೊಂಡರು, ಮುರಿದರೆ ಕಾನೂನಿನ ಕ್ರಮ ಎಂಬ ಷರತ್ತಿನೊಡನೆ. 2021ರಲ್ಲಿ ತಮಿಳುನಾಡಿನ ದಿಂಡಿಗಲ್ ಬಳಿ ದಲಿತ ಯುವತಿಯೊಬ್ಬಳು ಸೂಪರ್‌ವೈಸರ್ ಕೈಯಲ್ಲಿ ಕೊಲೆಯಾದ ಮೇಲೆ, ಹೆಂಗಸರೇ ನಡೆಸುವ ಅಲ್ಲಿನ ಸಂಘ ಹೋರಾಡಿ 2022ರಲ್ಲಿ ದಿಂಡಿಗಲ್ ಒಪ್ಪಂದವನ್ನು ಪಡೆಯಿತು. ಲೈಂಗಿಕ ಕಿರುಕುಳವನ್ನು ಕಾರ್ಖಾನೆ ತಡೆಯದಿದ್ದರೆ ಕೊಳ್ಳುವ ಕಂಪನಿ ವ್ಯಾಪಾರದ ಮೂಲಕವೇ ಬಿಸಿ ಮುಟ್ಟಿಸಬೇಕು ಎಂಬ ಕಟ್ಟು ಅದರಲ್ಲಿತ್ತು. ಐರೋಪ್ಯ ಒಕ್ಕೂಟವೂ 2024ರಲ್ಲಿ, ಕಂಪನಿಗಳು ತಮ್ಮ ಸರಬರಾಜಿನ ಸರಪಳಿಯುದ್ದಕ್ಕೂ ಆಗುವ ಅನ್ಯಾಯಕ್ಕೆ ಉತ್ತರ ಹೇಳಬೇಕೆಂದು ಕಾನೂನು ಮಾಡಿತು. ಮರುವರ್ಷವೇ ಅದರ ಜಾರಿಯನ್ನು ಮುಂದಕ್ಕೆ ಹಾಕಿದರು. ಸಾಲಗಾರರಿಗೆ ಅವಧಿ ಸಿಗುವುದು ಯಾವಾಗಲೂ ಸುಲಭ.

2025ರ ಏಪ್ರಿಲ್‌ನಲ್ಲಿ ಕರ್ನಾಟಕ ಸರ್ಕಾರ ಕನಿಷ್ಠ ವೇತನದ ಪರಿಷ್ಕರಣೆಗೆ ಕರಡು ಹೊರಡಿಸಿ ಆಕ್ಷೇಪಣೆ, ಸಲಹೆಗಳನ್ನು ಕರೆಯಿತು. ಮಾಲೀಕರ ಸಂಘಗಳು ಇಷ್ಟು ಏರಿಸಿದರೆ ಉದ್ಯಮ ಬೇರೆ ರಾಜ್ಯಕ್ಕೆ ಹೋಗುತ್ತದೆ ಎಂದವು, ಕಾರ್ಮಿಕ ಸಂಘಗಳು ತಮ್ಮ ಮಾತು ಹೇಳಿದವು. ಕೊಳ್ಳುವವರನ್ನು ಯಾರೂ ಕೇಳಲಿಲ್ಲ, ಕೊಳ್ಳುವವರಿಗೂ ಹೇಳಬೇಕೆಂದು ತೋರಲಿಲ್ಲ. ನಾನು ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ದೇವನೂರಿನಿಂದ ಒಂದು ಪತ್ರ ಬರೆದು ನೋಂದಾಯಿತ ಅಂಚೆಯಲ್ಲಿ ಹಾಕಿದೆ. ನಾನು ಕಾರ್ಮಿಕಳಲ್ಲ, ಮಾಲೀಕಳೂ ಅಲ್ಲ, ಈ ಬಟ್ಟೆಯನ್ನು ಕೊಂಡು ತೊಡುವವಳು, ಆದ್ದರಿಂದ ಈ ವ್ಯವಹಾರದಲ್ಲಿ ಮೂರನೆಯ ಕಕ್ಷಿದಾರಳು ಎಂದು ಬರೆದೆ. 1957ರ 72 ಗಜದ ಲೆಕ್ಕವನ್ನು ಇವತ್ತಿನ ಬೆಲೆಯಲ್ಲಿ ಹಾಕಿ ಜತೆಗಿಟ್ಟೆ. ವೇತನ ಏರಿದ್ದರಿಂದ ನನ್ನ ಅಂಗಿಯ, ನನ್ನ ಮೊಮ್ಮಕ್ಕಳ ಸಮವಸ್ತ್ರದ ಬೆಲೆ ಏರಿದರೆ ಅದನ್ನು ಕೊಡಲು ಸಿದ್ಧಳಿದ್ದೇನೆ, ಏರಿದ ಹಣ ಹೊಲಿದವಳ ಕೈ ಸೇರಿತೆಂಬುದಕ್ಕೆ ಲೆಕ್ಕ ಮಾತ್ರ ನನಗೆ ಕಾಣುವಂತಿರಬೇಕು ಎಂದು ಕೇಳಿದ್ದೇನೆ. ನಮ್ಮ ಬೀದಿಯ ಹನ್ನೊಂದು ಮನೆಯವರು ಅದರ ಕೆಳಗೆ ರುಜು ಹಾಕಿದ್ದಾರೆ. ಅವರಲ್ಲಿ ಮೂವರು ಅಜ್ಜಿಯರದು ಹೆಬ್ಬೆಟ್ಟು.